ಪೆಗ್ ಹೊದಿಸಬೇಕೋ, ಕೈಟೋಸಾನ್ ಹೊದಿಸಬೇಕೋ?

ಲೈಪೋಸೋಮ್‌ಗೆ (ಮದ್ದನ್ನು ಒಳಗಿಟ್ಟು ಸಾಗಿಸುವ, ಕೊಬ್ಬಿನ ಪದರದ ಅತಿಸೂಕ್ಷ್ಮ ಗುಳ್ಳೆಗೆ) ಯಾವ ಪಾಲಿಮರ್ ಹೊದಿಸುವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ, ಮದ್ದು ರಕ್ತಕ್ಕೆ ಹೋಗಬೇಕೋ ಮೂಗಿಗೋ ಎಂದು ಮೊದಲು ನಾನೇ ಕೇಳುತ್ತೇನೆ. ಒಂದೇ ಬ್ಯಾಚನ್ನು ಎರಡು ಪಾಲು ಮಾಡಿ, ಒಂದಕ್ಕೆ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಕೃತಕ ಪಾಲಿಮರ್), ಇನ್ನೊಂದಕ್ಕೆ ಕೈಟೋಸಾನ್ ಹೊದಿಸಿ ನೋಡಿದ್ದೇನೆ. ಎರಡರ ಸ್ವಭಾವವೂ ತದ್ವಿರುದ್ಧ.

ಪೆಗ್ ಜೊತೆ ಕೆಲಸ ಸುಲಭ. ಲಿಪಿಡ್‌ಗೆ, ಅಂದರೆ ಕೊಬ್ಬಿನ ಅಣುವಿಗೆ, ಜೋಡಿಸಿದ ಪೆಗ್-2000 (ಅಣುತೂಕ ಸುಮಾರು 2000) ಸಿದ್ಧವಾಗಿಯೇ ಸಿಗುತ್ತದೆ. ತಯಾರಾದ ಲೈಪೋಸೋಮ್ ಜೊತೆ 60 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿ ಮಾಡಿದರೆ ತಾನಾಗಿ ಹೊರಪದರದಲ್ಲಿ ನೆಡುತ್ತದೆ. ಮೋಲ್ ಲೆಕ್ಕದಲ್ಲಿ ಶೇ 5 ಸಾಕು. ಆಸೆಪಟ್ಟು ಶೇ 10 ದಾಟಿಸಿದರೆ ಪದರವೇ ಕರಗಿ ಮೈಸೆಲ್ (ಒಳಗೆ ಟೊಳ್ಳಿಲ್ಲದ ಸಣ್ಣ ಲಿಪಿಡ್ ಉಂಡೆ) ಆಗತೊಡಗುತ್ತದೆ. ಪ್ರೋಟೀನ್‌ಗಳು ಮೈಗೆ ಹತ್ತದಂತೆ ತಡೆಯುವುದರಿಂದ ಲಿವರ್‌ನ ಭಕ್ಷಕ ಕೋಶಗಳ ಕಣ್ಣಿಗೆ ಬೇಗ ಬೀಳುವುದಿಲ್ಲ. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ಯಾನ್ಸರ್ ಮದ್ದು ಡಾಕ್ಸಿಲ್ ನಿಂತಿರುವುದೇ ಈ ಗುಣದ ಮೇಲೆ. ಆದರೆ ಮೊದಲ ಡೋಸ್‌ಗೆ ಪೆಗ್ ವಿರುದ್ಧ ಪ್ರತಿಕಾಯ ಹುಟ್ಟಿದರೆ, ಎರಡನೆಯ ಡೋಸ್ ರಕ್ತದಿಂದ ಬೇಗ ಮಾಯವಾಗಬಹುದು. ಲಸಿಕೆಗಂತೂ ಇನ್ನೊಂದು ತೊಡಕು: ಯಾವ ಕೋಶ ನುಂಗಲಿ ಎಂದು ನಾವು ಕಾಯುತ್ತೇವೋ, ಪೆಗ್ ಅದನ್ನೇ ದೂರವಿಡುತ್ತದೆ. ರೂಢಿಯಿದೆ ಎಂಬ ಒಂದೇ ಕಾರಣಕ್ಕೆ ಲಸಿಕೆಗೂ ಪೆಗ್ ಹಾಕುವುದು ನನಗೆ ಸರಿಕಾಣುವುದಿಲ್ಲ.

ಕೈಟೋಸಾನ್ ಮಾತ್ರ ತಾಳ್ಮೆ ಪರೀಕ್ಷಿಸುವ ಗಿರಾಕಿ. ಸೀಗಡಿ, ಏಡಿಗಳ ಚಿಪ್ಪಿನಿಂದ ಬರುವ ಈ ಪಾಲಿಮರ್ ಬರೀ ನೀರಿನಲ್ಲಿ ಕರಗದು, ಶೇ 1ರ ಅಸಿಟಿಕ್ ಆಮ್ಲ ಬೇಕು. ಋಣಾವೇಶದ ಲೈಪೋಸೋಮ್‌ಗೆ ಹನಿಹನಿಯಾಗಿ ಬಿಡುತ್ತಾ ಹೋದಾಗ, ನೀಲಿ ಛಾಯೆಯ ತೆಳು ಹಾಲಿನಂತಿದ್ದ ದ್ರವ ಒಂದು ಹಂತದಲ್ಲಿ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಆವೇಶ ಸೊನ್ನೆಯ ಹತ್ತಿರ ಬಂದ ಗುರುತು ಅದು. ಹಾಗಾಗಿ ನಾನು ಕ್ರಮ ತಿರುಗಿಸುತ್ತೇನೆ: ಕೈಟೋಸಾನ್ ಹೆಚ್ಚಿರುವ ದ್ರಾವಣಕ್ಕೇ ಲೈಪೋಸೋಮ್ ಹನಿಸಿದರೆ ಆ ಹಂತವನ್ನು ಹಾರಿಕೊಂಡು ಝೀಟಾ ಪೊಟೆನ್ಷಿಯಲ್ (ಕಣದ ಮೇಲ್ಮೈ ಆವೇಶದ ಅಳತೆ) ನೇರ ಧನಕ್ಕೆ ಹೋಗುತ್ತದೆ. ಕಣದ ಗಾತ್ರ ದೊಡ್ಡದಾಗುವುದನ್ನು ಒಪ್ಪಿಕೊಳ್ಳಲೇಬೇಕು. ಪಿಎಚ್ 7.4ರ ಬಫರ್‌ಗೆ ಹಾಕಿದಿರೋ, ಕೈಟೋಸಾನ್‌ಗೆ ಧನಾವೇಶ ಕೊಡುವ ಅಮೀನ್ ಗುಂಪುಗಳ ಆವೇಶ ಇಳಿದು ಕಣಗಳು ಮತ್ತೆ ಮುದ್ದೆಗಟ್ಟುತ್ತವೆ. ಆ ಪಿಎಚ್‌ನಲ್ಲೂ ಧನಾವೇಶ ಉಳಿಸಿಕೊಳ್ಳುವ ಟ್ರೈಮೀಥೈಲ್ ಕೈಟೋಸಾನ್ ಬಳಸಿದರೆ ಈ ಕಾಟವಿಲ್ಲ.

ಇಷ್ಟೆಲ್ಲ ರಗಳೆ ಯಾಕೆ? ಮ್ಯೂಸಿನ್ (ಲೋಳೆಯ ಮುಖ್ಯ ಪ್ರೋಟೀನ್) ದ್ರಾವಣ ಬೆರೆಸಿ ನೋಡಿ. ಪೆಗ್ ಟ್ಯೂಬಿನಲ್ಲಿ ಹೆಚ್ಚೇನೂ ಆಗುವುದಿಲ್ಲ, ಕೈಟೋಸಾನ್ ಟ್ಯೂಬು ನೋಡನೋಡುತ್ತಲೇ ಕದಡುತ್ತದೆ. ಲೋಳೆಯಲ್ಲಿರುವ ಸಿಯಾಲಿಕ್ ಆಮ್ಲದ ಋಣಾವೇಶವನ್ನು ಅದು ಹಿಡಿದುಕೊಂಡಿರುತ್ತದೆ. ಕೋಶಗಳ ನಡುವಿನ ಬಿಗಿ ಜೋಡಣೆಯನ್ನೂ ಸ್ವಲ್ಪ ಹೊತ್ತು ಸಡಿಲಿಸುತ್ತದೆ. ಮೂಗಿನ ಮೂಲಕ ಕೊಡುವ ಲಸಿಕೆಗೆ ನನ್ನ ಮತ ಇದಕ್ಕೇ.

ಹೊಟ್ಟೆಗೆ ಕೊಡುವುದಾದರೆ ಇದೊಂದೇ ಸಾಲದು. ಆಮ್ಲದಲ್ಲಿ ಕೈಟೋಸಾನ್ ಕರಗುವುದರಿಂದ ಮೇಲೊಂದು, ಆಮ್ಲದಲ್ಲಿ ಕರಗದ ಆಲ್ಜಿನೇಟ್ ಪದರ ಬೇಕು.

ಪೆಗ್ ಪರವಾಗಿ ಒಂದು ಗಟ್ಟಿ ವಾದ ಉಳಿದಿದೆ. ಮೂಗಿನ ಲೋಳೆ ಸುಮಾರು 20 ನಿಮಿಷಕ್ಕೊಮ್ಮೆ ಗಂಟಲ ಕಡೆಗೆ ಸರಿದುಹೋಗುತ್ತದೆ, ಅದಕ್ಕೆ ಅಂಟಿದ್ದೂ ಜೊತೆಗೇ ಹೋಗುತ್ತದೆ. ಗಿಡ್ಡ ಪೆಗ್ ಎಳೆಗಳನ್ನು ದಟ್ಟವಾಗಿ ಹೊದಿಸಿದ ಕಣಗಳು ಅಂಟದೆ ನುಸುಳಿ ಕೆಳಗಿನ ಕೋಶಗಳನ್ನು ಮುಟ್ಟಬಲ್ಲವು.