ದುರ್ಗದಲ್ಲಿ ಒಂದು ರಾತ್ರಿ: ಬಸ್ ನಿಲ್ದಾಣದ ಲಾಡ್ಜೋ, ಕೋಟೆ ಬದಿಯ ಕೊಠಡಿಯೋ, ಹೆದ್ದಾರಿಯ ಹೋಟೆಲೋ?

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. ಬೆಳಗ್ಗೆ ಹೋಗಿ ಸಂಜೆಗೆ ಮರಳಬಹುದಾದ ಊರಿನಲ್ಲಿ ಹಣ ಕೊಟ್ಟು ತಂಗುವುದೇಕೆ ಎಂದು ನಮ್ಮ ಕಡೆಯವರು ಕೇಳುವುದುಂಟು. ಬೆಳಗಿನ ಬಸ್ಸು ಹಿಡಿದು ಹೊರಟರೂ ಕೋಟೆಯ ಬಾಗಿಲು ಮುಟ್ಟುವಷ್ಟರಲ್ಲಿ ಬಂಡೆಗಳು ಕಾಯತೊಡಗಿರುತ್ತವೆ. ಶಿವರಾತ್ರಿ ಕಳೆದ ಮೇಲಂತೂ ಹತ್ತು ಗಂಟೆಯ ಬಿಸಿಲಿನಲ್ಲಿ ಹಿಡಿಂಬೇಶ್ವರನ ಗುಡಿಯವರೆಗೆ ಏರುವುದು ಮಕ್ಕಳಿಗೂ ವಯಸ್ಸಾದವರಿಗೂ ಶಿಕ್ಷೆಯೇ ಸರಿ. ದೂರದೂರಿನಿಂದ ಬರುವ ನೆಂಟರಿಗೆ ಕೋಟೆ ತೋರಿಸುವ ಕೆಲಸ ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬಂದಿರುವುದರಿಂದ, ಹಿಂದಿನ ದಿನವೇ ಹೋಗಿ ಉಳಿಯುವ ರೂಢಿ ಮಾಡಿಕೊಂಡಿದ್ದೇನೆ. ಹಾಗೆ ಉಳಿದು ನೋಡಿದ ಮೂರು ಬಗೆಯ ತಂಗುದಾಣಗಳ ಹೋಲಿಕೆಯಿದು.

ನಡೆದು ಹೋಗಬಹುದಾದ ದೂರವೆಂದರೆ ಎಷ್ಟು ಎಂಬುದನ್ನು ಮೊದಲು ನಿಗದಿ ಮಾಡಿಕೊಳ್ಳಬೇಕು. ಏಳು ಸುತ್ತಿನ ಕೋಟೆಯನ್ನು ನೋಡುವುದೇ ಒಂದು ದೊಡ್ಡ ನಡಿಗೆ. ಮದ್ದು ಬೀಸುವ ಕಲ್ಲುಗಳು, ಏಕನಾಥೇಶ್ವರಿ, ಸಂಪಿಗೆ ಸಿದ್ಧೇಶ್ವರನ ಮುಂದಿನ ಉಯ್ಯಾಲೆ ಕಂಬ, ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡ, ಕೊನೆಗೆ ಒನಕೆ ಓಬವ್ವನ ಕಿಂಡಿ, ಇಷ್ಟನ್ನು ಮುಗಿಸಿ ಇಳಿಯುವಾಗ ಮೂರು ತಾಸು ಮೆಟ್ಟಿಲು ಹತ್ತಿಳಿದ ಕಾಲುಗಳಿರುತ್ತವೆ. ಮುಂಜಾನೆಯ ತಂಪಿನಲ್ಲಿ ಊರಿನ ಯಾವ ಮೂಲೆಯಿಂದಲಾದರೂ ಕೋಟೆಗೆ ನಡೆದುಬಿಡಬಹುದು. ಹಿಂತಿರುಗುವ ನಡಿಗೆಯನ್ನು ಲೆಕ್ಕಕ್ಕೆ ಹಿಡಿದಾಗಲೇ ಒಂದು ಕೊಠಡಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ.

ಬಸ್ ನಿಲ್ದಾಣದ ಆಸುಪಾಸಿನ ಲಾಡ್ಜುಗಳು ಅಗ್ಗ. ಇಬ್ಬರಿಗೆ ಸಾಲುವ ಕೊಠಡಿ ನಮಗೆ ಸಾವಿರ ರೂಪಾಯಿಯೊಳಗೆ ಸಿಕ್ಕಿದೆ. ಗಾಂಧಿ ವೃತ್ತ ದಾಟಿ, ಹಳೆಯ ಪೇಟೆಯೊಳಗಿನಿಂದ ಕೋಟೆಯತ್ತ ನಡೆಯುವ ದಾರಿ ಎರಡು ಕಿಲೋಮೀಟರಿನ ಆಸುಪಾಸಿನದು. ಅಂಗಡಿಗಳು ಬಾಗಿಲು ತೆರೆಯುವ ಮುಂಚೆ ಆ ಬೀದಿಗಳಲ್ಲಿ ಹೋಗುವುದು ಹಿತವಾಗಿಯೂ ಇರುತ್ತದೆ. ಇಲ್ಲಿನ ನಿಜವಾದ ಲಾಭ ಬೇರೆಯೇ ಇದೆ. ಇಂತಹ ಹಲವು ಲಾಡ್ಜುಗಳಲ್ಲಿ ಇಂದಿಗೂ ಇಪ್ಪತ್ತನಾಲ್ಕು ಗಂಟೆಯ ಲೆಕ್ಕ ನಡೆಯುತ್ತದೆ: ಸಂಜೆ ಐದಕ್ಕೆ ಕೀಲಿ ಪಡೆದರೆ ಮರುದಿನ ಸಂಜೆ ಐದರವರೆಗೂ ಕೊಠಡಿ ನಮ್ಮದೇ. ಕೋಟೆ ಇಳಿದು ಬಂದು, ಸ್ನಾನ ಮಾಡಿ, ಊಟ ಮುಗಿಸಿ, ಬಿಸಿಲಿನ ಹೊತ್ತನ್ನು ಫ್ಯಾನಿನ ಕೆಳಗೆ ಮಲಗಿ ಕಳೆದು ಊರಿಗೆ ಹೊರಡಬಹುದು. ಈ ಒಂದು ಸೌಕರ್ಯಕ್ಕಾಗಿ ನಾನು ಸವೆದ ಹಾಸಿಗೆಯನ್ನೂ, ಬೆಳಗಿನ ಎರಡು ಮೂರು ತಾಸು ಮಾತ್ರ ಬರುವ ಬಿಸಿನೀರನ್ನೂ ಸಹಿಸಿಕೊಳ್ಳಬಲ್ಲೆ. (ಕೋಟೆಯಿಂದ ಬಂದವನಿಗೆ ಬಿಸಿನೀರು ಯಾರಿಗೆ ಬೇಕು?) ರಸ್ತೆಗೆ ಮುಖ ಮಾಡಿದ ಕೊಠಡಿಯಾದರೆ ರಾತ್ರಿಯಿಡೀ ಬಸ್ಸುಗಳ ಹಾರ್ನು ಕೇಳಬೇಕಾಗುತ್ತದೆ, ಹಿಂಬದಿಯ ಕೊಠಡಿಯನ್ನೇ ಕೇಳಿ ಪಡೆಯುವುದು ಒಳ್ಳೆಯದು. ಬೆಳಕಿನ ಕಿಟಕಿ ಇದೆಯೇ, ಶೌಚಾಲಯದಲ್ಲಿ ನೀರು ಬರುತ್ತದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಮೇಲೆ ಹೋಗಿ ನೋಡಬೇಕು. ಹಾಗೆ ನೋಡಲು ಬಿಡದ ಕಡೆ ನಾನು ಉಳಿಯುವುದಿಲ್ಲ.

ಕೋಟೆಯ ಬದಿಯಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ದುರ್ಗವಿದೆ. ನಡಿಗೆಯ ವಿಚಾರದಲ್ಲಿ ಇದಕ್ಕೆ ಸಾಟಿಯಿಲ್ಲ. ಟಿಕೆಟ್ ಕೊಡುವ ಕಿಟಕಿ ತೆರೆಯುವ ಹೊತ್ತಿಗೆ ಕೊಠಡಿ ಬಿಟ್ಟರೂ ಸಾಲಿನಲ್ಲಿ ಮುಂದೆಯೇ ಇರಬಹುದು. ಮೊಣಕಾಲು ನೋವಿನ ಅತ್ತೆಯವರೊಂದಿಗೆ ಹೋದಾಗ, ಅವರು ಅರ್ಧ ದಾರಿಗೆ ಸಾಕೆಂದು ಹಿಂತಿರುಗಿ ಮಲಗಿದರು, ಉಳಿದವರು ನಿಶ್ಚಿಂತೆಯಿಂದ ಮೇಲೇರಿದೆವು. ಬೇರೆ ಎಲ್ಲೇ ಉಳಿದಿದ್ದರೂ ಅವರ ಜೊತೆಗೆ ಒಬ್ಬರು ಆಟೋ ಹುಡುಕಿಕೊಂಡು ಹೋಗಬೇಕಾಗುತ್ತಿತ್ತು. ಬಸ್ ನಿಲ್ದಾಣದ ಬಾಡಿಗೆಗಿಂತ ಇಲ್ಲಿ ಹೆಚ್ಚು ತೆರಬೇಕಾದರೂ, ಇಂಥ ಗುಂಪಿನೊಂದಿಗೆ ಹೊರಟಾಗ ನಾನು ಎರಡನೆಯ ಯೋಚನೆ ಮಾಡುವುದಿಲ್ಲ. ಬೇಸರವೆಂದರೆ ಸಂಜೆಯದು: ಬಿಸಿ ಮಿರ್ಚಿ, ಮಂಡಕ್ಕಿ, ನಾಲ್ಕು ಬಗೆಯ ಊಟ ಬೇಕೆಂದರೆ ಪೇಟೆಗೇ ಇಳಿಯಬೇಕು, ಮತ್ತೆ ಏರಬೇಕು. ದಸರಾ ಮತ್ತು ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುವ ಕಾಲದಲ್ಲಿ ಮುಂಗಡವಾಗಿ ಕಾಯ್ದಿರಿಸದೆ ಹೋಗುವುದು ಜಾಣತನವಲ್ಲ.

ಹೆದ್ದಾರಿಯ ಬದಿಯ ಹೋಟೆಲಿನ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಮೂರರಲ್ಲಿ ಕೊಠಡಿ ಅತ್ಯುತ್ತಮ, ಹಾಸಿಗೆ ಮೆತ್ತನೆಯದು, ಕಾರು ನಿಲ್ಲಿಸಲು ಬೇಕಾದಷ್ಟು ಜಾಗ. ಲಾಡ್ಜಿನ ಎರಡರಷ್ಟಕ್ಕಿಂತ ಹೆಚ್ಚು ಬಾಡಿಗೆ ಕೊಟ್ಟೆವು, ಲಾರಿಗಳ ಸದ್ದು ಮಾತ್ರ ಉಚಿತವಾಗಿ ಸಿಕ್ಕಿತು. ಕಾಲುದಾರಿಯಿಲ್ಲದ ಸರ್ವೀಸ್ ರಸ್ತೆಯಲ್ಲಿ ಮಕ್ಕಳ ಕೈ ಹಿಡಿದು ನಡೆಯಲಾಗದೆ, ಹೋಗುವಾಗಲೂ ಬರುವಾಗಲೂ ಆಟೋ ಮಾಡಿದೆವು. ಸ್ವಂತ ಕಾರಿನಲ್ಲಿ ಬೆಂಗಳೂರಿನಿಂದ ಬಂದು ಹಂಪಿಯ ಕಡೆಗೆ ಹೊರಡುವವರಿಗೆ ಇದು ಸರಿಹೋದೀತು.

ಬಾಡಿಗೆ ಕೇಳುವಾಗ ತೆರಿಗೆ ಸೇರಿದೆಯೇ ಎಂಬುದನ್ನೂ ಕೇಳಬೇಕು. ದಿನಕ್ಕೆ ಸಾವಿರ ರೂಪಾಯಿಯವರೆಗಿನ ಕೊಠಡಿಗಳಿಗೆ ಇದ್ದ ಜಿಎಸ್‌ಟಿ ವಿನಾಯಿತಿ 2022ರ ಜುಲೈ 18ರಂದು ಕೊನೆಗೊಂಡಿತು. ಆಗ ಬಂದ ಶೇ 12ರ ದರ 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ. ಹಳೆಯ ದರವನ್ನೇ ಹೇಳುವವರಿದ್ದರೆ ರಸೀದಿ ಕೇಳಿದರಾಯಿತು. ಗುರುತಿಗೆ ಆಧಾರ್ ಪ್ರತಿ ಕೊಡುವಾಗ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಪ್ರತಿಯನ್ನು ಕೊಡುವ ಅಭ್ಯಾಸವನ್ನೂ ನಾನು ಇಟ್ಟುಕೊಂಡಿದ್ದೇನೆ.

ಚಂದ್ರವಳ್ಳಿಗೆ ಮಾತ್ರ ಈ ಮೂರೂ ಕಡೆಯಿಂದ ಆಟೋ ಬೇಕು. ಕದಂಬ ಮಯೂರಶರ್ಮನ ಶಾಸನವಿರುವ, 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ ಆ ಜಾಗ ಬೆಟ್ಟಸಾಲಿನ ಇನ್ನೊಂದು ಮಗ್ಗುಲಿಗಿದೆ. ಮರುದಿನದ ಬಿಸಿಲಿಗೆ ಅದನ್ನು ಉಳಿಸಿಕೊಳ್ಳದೆ, ಊರಿಗೆ ಬಂದಿಳಿದ ಮಧ್ಯಾಹ್ನವೇ ಚೀಲಗಳನ್ನು ಕೊಠಡಿಯಲ್ಲಿಟ್ಟು ನಾವು ಹೊರಡುತ್ತೇವೆ; ಅಲ್ಲಿನ ಅಂಕಲಿ ಮಠದ ನೆಲದೊಳಗಿನ ಕೋಣೆಗಳಲ್ಲಿ ಹಗಲಿನಲ್ಲೂ ಕತ್ತಲೆ, ಆದ್ದರಿಂದ ಟಾರ್ಚು ಜೊತೆಗಿರಲಿ. ಹಿಂತಿರುಗಲು ಅಲ್ಲಿ ವಾಹನ ಸಿಕ್ಕೇ ಸಿಗುತ್ತದೆ ಎಂದು ನಂಬುವಂತಿಲ್ಲವಾದ್ದರಿಂದ, ಹೋದ ಆಟೋವನ್ನೇ ನಿಲ್ಲಿಸಿಕೊಂಡು, ಕಾಯುವ ಹಣವನ್ನೂ ಹತ್ತುವ ಮೊದಲೇ ಮಾತಾಡಿಕೊಳ್ಳುವುದು ಕ್ಷೇಮ.