ಬಯಾಪ್ಸಿಯಲ್ಲಿ ಖಚಿತವಾಗದೆ ಕ್ಯಾನ್ಸರ್ ಮಾತ್ರೆ ಶುರು ಮಾಡಬೇಡಿ: ನಮ್ಮಮ್ಮನಿಗೆ ಆದದ್ದು

ಹೊಟ್ಟೆಯಲ್ಲಿ ಗಡ್ಡೆ ಇದೆ ಅನ್ನೋ ಸ್ಕ್ಯಾನ್ ರಿಪೋರ್ಟ್ ಹಿಡಿದು ಕೂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಹೋದ ವರ್ಷ ನಮ್ಮಮ್ಮನಿಗೆ ಮಲ ಟಾರಿನಂತೆ ಕಪ್ಪಗೆ ಹೋಗತೊಡಗಿತು. ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಎಂಡೋಸ್ಕೋಪಿ ಮಾಡಿದರೆ ಜಠರದೊಳಗೆ ನಿಂಬೆಹಣ್ಣಿನಷ್ಟು ಗಡ್ಡೆ, ಅದರ ತುದಿಯಲ್ಲಿ ಹುಣ್ಣು. ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು, ಕ್ಯಾನ್ಸರ್ ಕಣ ಸಿಗಲಿಲ್ಲ. ಆದರೆ ಪೆಟ್ ಸ್ಕ್ಯಾನ್‌ನಲ್ಲಿ ಗಡ್ಡೆಯೂ ಪಕ್ಕದ ಎರಡು ದುಗ್ಧಗ್ರಂಥಿಗಳೂ ಕೆಂಡದ ಹಾಗೆ ಹೊಳೆದವು. "ಜಿಸ್ಟ್ ಅನ್ನೋ ಕ್ಯಾನ್ಸರ್, ಗ್ರಂಥಿಗೂ ಹರಡಿದೆ" ಅಂದ ಡಾಕ್ಟರು ದಿನಕ್ಕೆ 400 ಮಿಲಿಗ್ರಾಂ ಇಮಾಟಿನಿಬ್, ಅಂದರೆ ಜಿಸ್ಟ್‌ಗೆ ಕೊಡುವ ಮಾತ್ರೆ, ಬರೆದುಕೊಟ್ಟರು. ನಾವು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಎರಡು ತಿಂಗಳು ಅಮ್ಮ ಅದನ್ನು ನುಂಗಿದರು. ಬೆಳಗ್ಗೆ ಎದ್ದರೆ ಕಣ್ಣು ಬಿಡಲಾಗದಷ್ಟು ರೆಪ್ಪೆ ಊತ, ತಿಂದದ್ದೆಲ್ಲ ವಾಂತಿ. ಒಂದು ಸಂಜೆ ನನ್ನನ್ನೂ ತಂಗಿಯನ್ನೂ ಕೂರಿಸಿಕೊಂಡು, ಬಳೆ ಯಾರಿಗೆ, ಸರ ಯಾರಿಗೆ ಅಂತ ಹೇಳಿಬಿಟ್ಟರು.

ಗಡ್ಡೆ ಒಂದಿಷ್ಟೂ ಕುಗ್ಗದಿದ್ದಾಗ ಬೇರೆ ಊರಿನ ಸರ್ಜನ್ ಹತ್ತಿರ ಹೋದೆವು. ಫೈಲ್ ತಿರುವಿದ ಅವರು ಕೇಳಿದ ಮೊದಲ ಮಾತು: "ಯಾವ ಬಯಾಪ್ಸಿ ನೋಡಿ ಈ ಮಾತ್ರೆ ಶುರು ಮಾಡಿದ್ರು?" ಇಂಥ ಗಡ್ಡೆ ಹುಟ್ಟುವುದು ಜಠರದ ಗೋಡೆಯ ಸ್ನಾಯು ಪದರದಲ್ಲಿ. ಮಾಮೂಲಿ ಎಂಡೋಸ್ಕೋಪಿಯ ಚಿಮಟಕ್ಕೆ ಬಹಳ ಸಲ ಮೇಲಿನ ಲೋಳೆಪೊರೆಯಷ್ಟೇ ಸಿಗುತ್ತದೆ. ಅವರು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡಿಸಿ, ಸೂಜಿಯಿಂದ ಗಡ್ಡೆಯೊಳಗಿನ ಅಂಗಾಂಶವನ್ನೇ ತೆಗೆಸಿದರು. ಐಎಚ್‌ಸಿ ಪರೀಕ್ಷೆಯಲ್ಲಿ (ಅಂಗಾಂಶಕ್ಕೆ ಬಣ್ಣ ಹಿಡಿಸಿ ಕಣ ಯಾವ ಬಗೆಯದು ಅಂತ ಗುರುತಿಸುವ ಪರೀಕ್ಷೆ) ಜಿಸ್ಟ್‌ನ ಗುರುತುಗಳಾದ ಸಿಡಿ117, ಡಾಗ್-1 ಎರಡೂ ನೆಗೆಟಿವ್. ನರದ ಹೊದಿಕೆಯ ಕಣಗಳ ಗುರುತಾದ ಎಸ್-100 ಪಾಸಿಟಿವ್. ಅದು ಶ್ವಾನೋಮಾ, ನರದ ಹೊದಿಕೆಯಿಂದ ಬೆಳೆಯುವ ಅಪರೂಪದ, ಕ್ಯಾನ್ಸರ್ ಅಲ್ಲದ ಸಾಧು ಗಡ್ಡೆ. ಅದಕ್ಕೆ ಇಮಾಟಿನಿಬ್‌ನಿಂದ ಏನೂ ಉಪಯೋಗವಿರಲಿಲ್ಲ. ಲ್ಯಾಪರೋಸ್ಕೋಪಿಯಲ್ಲಿ ಗಡ್ಡೆಯನ್ನೂ ಸುತ್ತಲಿನ ಸ್ವಲ್ಪ ಜಠರವನ್ನೂ ತೆಗೆದರು, ಅಷ್ಟೇ. ಗ್ರಂಥಿಗಳಲ್ಲಿ ಇದ್ದದ್ದು ಬರೀ ಊತ.

ಜಠರದ ಗೋಡೆಯ ಇಂಥ ಗಡ್ಡೆಗಳಲ್ಲಿ ಜಿಸ್ಟೇ ಹೆಚ್ಚು, ಹಾಗಾಗಿ ಮೊದಲ ಡಾಕ್ಟರು ಅನುಮಾನಪಟ್ಟದ್ದರಲ್ಲಿ ನನಗೆ ತಕರಾರಿಲ್ಲ. ಆ ಅನುಮಾನವನ್ನೇ ಖಾತ್ರಿ ಅಂತ ನಮಗೆ ಹೇಳಿದರಲ್ಲ, ಅದಕ್ಕೆ ಸಿಟ್ಟು. ಪೆಟ್ ತೋರಿಸುವುದು ಸಕ್ಕರೆಯನ್ನು ಹೆಚ್ಚು ಹೀರುವ ಜಾಗವನ್ನು. ಶ್ವಾನೋಮಾವೂ ಹೀರುತ್ತದೆ, ಊದಿಕೊಂಡ ಗ್ರಂಥಿಯೂ ಹೀರುತ್ತದೆ. ಅದೂ ಅಲ್ಲದೆ ಜಿಸ್ಟ್ ಗ್ರಂಥಿಗಳಿಗೆ ಹರಡುವುದೇ ಅಪರೂಪ. ಅದಕ್ಕಾದರೂ ಇನ್ನೊಮ್ಮೆ ಅಂಗಾಂಶ ತೆಗೆದು ನೋಡಬೇಕಿತ್ತು.

ಇದನ್ನು ಓದಿ ಯಾರೂ ಚಿಕಿತ್ಸೆ ಬಿಟ್ಟು ಮನೆಯಲ್ಲಿ ಕೂರಬೇಡಿ, ನಡೆಯುತ್ತಿರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂಬೇಡಿ. ಐಎಚ್‌ಸಿ ಆಗಿದೆಯಾ, ಯಾವ ಗುರುತು ಪಾಸಿಟಿವ್ ಬಂತು ಅಂತ ಕೇಳಿ. ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ರಿಪೋರ್ಟಿನ ಜೆರಾಕ್ಸ್ ಸಾಲದು. ಲ್ಯಾಬಿನಿಂದ ಬಯಾಪ್ಸಿಯ ಸ್ಲೈಡುಗಳನ್ನೂ ಅಂಗಾಂಶ ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಇಸಿದುಕೊಂಡು ಹೋಗಿ.