ಮಗಳಿಗೆ ಮೀನು ತೋರಿಸಲು ಎಲ್ಲಿಗೆ ಹೋಗಬೇಕು? ನಾವು ನೋಡಿ ಬಂದ ನಾಲ್ಕು ಜಾಗ

ನಮ್ಮ ಮಗಳಿಗೆ ಆರು ವರ್ಷ. ಒಂದು ವರ್ಷದಿಂದ ಅವಳಿಗೆ ಮೀನಿನದೇ ಹುಚ್ಚು. ಹಾಗಾಗಿ ರಜೆ ಸಿಕ್ಕಾಗಲೆಲ್ಲ ಮೀನು ಕಾಣುವ ಜಾಗಗಳಿಗೆ ಕರೆದುಕೊಂಡು ಹೋದೆವು. ಒಂದು ಊರಿನ ಮತ್ಸ್ಯಾಲಯ, ಮೈದಾನದಲ್ಲಿ ಹಾಕಿದ್ದ ಸುರಂಗ ಅಕ್ವೇರಿಯಂ, ಶಿಶಿಲದ ನದಿ, ಆಮೇಲೆ ಉಳ್ಳಾಲದ ಹತ್ತಿರ ಸೋಮೇಶ್ವರದ ಕಡಲ ಬಂಡೆಗಳು. ಟಿಕೆಟ್ ಎಷ್ಟು, ದೂರ ಎಷ್ಟು ಅನ್ನುವುದು ಮುಖ್ಯವೇ. ಆದರೆ ಪ್ರತಿ ಸಲ ವಾಪಸ್ ಬರುವಾಗ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಅಲ್ಲಿರುವ ಮೀನು ಹೇಗಿದೆ?

ಮೊದಲು ಮತ್ಸ್ಯಾಲಯ. ಊರಿನ ಹೆಸರು ಬೇಡ. ಟಿಕೆಟ್ 20 ರೂಪಾಯಿ, ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರ. ಒಳಗೆ ಹೋದ ಕೂಡಲೇ ಎಡಗಡೆ ಒಂದು ತೊಟ್ಟಿ. ಉದ್ದ ನಾಲ್ಕಡಿ, ಅಗಲ ಒಂದೂವರೆ ಅಡಿ ಇದ್ದೀತು. ಅದರಲ್ಲಿ ಎರಡಡಿ ಉದ್ದದ ರೆಡ್‌ಟೇಲ್ ಕ್ಯಾಟ್‌ಫಿಶ್. ಅಮೆಜಾನ್ ನದಿಯ ಮೀನು ಅದು, ಒಂದು ಮೀಟರಿಗಿಂತ ಉದ್ದ ಬೆಳೆಯುತ್ತದೆ. ಇಲ್ಲಿ ತಿರುಗಬೇಕೆಂದರೆ ಮೈಯನ್ನು ಬಿಲ್ಲಿನಂತೆ ಬಗ್ಗಿಸಬೇಕು. ಪ್ರತಿ ಸಲವೂ ಮೂತಿ ಗಾಜಿಗೆ ಉಜ್ಜುತ್ತಿತ್ತು. ಉಜ್ಜಿ ಉಜ್ಜಿ ಮೂತಿಯ ಚರ್ಮ ಬಿಳಿಯಾಗಿತ್ತು. ಮಗಳು ಐದು ನಿಮಿಷ ನೋಡಿದಳು. 'ಇದರ ಮನೆ ಯಾಕೆ ಇಷ್ಟು ಚಿಕ್ಕದು?' ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಮುಂದಿನ ತೊಟ್ಟಿಯ ಮೀನುಗಳೆಲ್ಲ ನೀರಿನ ಮೇಲ್ಭಾಗದಲ್ಲಿ ಗುಂಪು ಸೇರಿ ಬಾಯಿ ತೆರೆದು ಮುಚ್ಚುತ್ತಿದ್ದವು. ನೋಡುತ್ತಿದ್ದ ಹುಡುಗರು ಹಸಿವಾಗಿರಬೇಕು ಅಂದುಕೊಂಡರು. ಮೀನು ಹೀಗೆ ಮಾಡುವುದು ಹೆಚ್ಚಾಗಿ ನೀರಿನಲ್ಲಿ ಆಮ್ಲಜನಕ ಕಡಿಮೆಯಾದಾಗ, ಇಲ್ಲವೇ ಕಿವಿರಿಗೆ ತೊಂದರೆಯಾದಾಗ. ಎರಡು ಮೀನುಗಳ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳಿದ್ದವು. ಅದು ಒಂದರಿಂದ ಇನ್ನೊಂದಕ್ಕೆ ಹರಡುವ ರೋಗ. ಬೇರೆ ತೊಟ್ಟಿಗೆ ಹಾಕಿ ಔಷಧಿ ಕೊಡಬೇಕಿತ್ತು. ಯಾರೂ ಹಾಕಿರಲಿಲ್ಲ.

ಅಲ್ಲಿ ಕೆಲಸ ಮಾಡುವವರೊಬ್ಬರ ಹತ್ತಿರ ಮಾತಾಡಿದೆ. ತುಂಬಾ ಒಳ್ಳೆಯ ಮನುಷ್ಯ. ಕರೆಂಟು ಹೋದರೆ ಗಾಳಿಯ ಮೋಟರ್ ನಿಲ್ಲುತ್ತದಂತೆ, ಜನರೇಟರ್ ಕೆಟ್ಟು ಬಹಳ ದಿನವಾಯಿತಂತೆ. ಆಗ ಅವರು ಮಗ್ಗಿನಲ್ಲಿ ನೀರು ಎತ್ತಿ ಎತ್ತಿ ತೊಟ್ಟಿಗೇ ಸುರಿಯುತ್ತಾರೆ, ಗಾಳಿ ಬೆರೆಯಲಿ ಎಂದು. ಅಷ್ಟು ತೊಟ್ಟಿಗಳಿಗೆ ಅವರೊಬ್ಬರೇ. ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ಅವರ ಕೈಗೆ ಒಂದು ಮಗ್ಗು ಮಾತ್ರ ಕೊಟ್ಟವರ ಮೇಲೆ.

ಬಂದವರಲ್ಲಿ ಅರ್ಧ ಜನ ಗಾಜು ಬಡಿಯುತ್ತಿದ್ದರು. ಮೀನಿನ ಮೈಯ ಎರಡೂ ಕಡೆ ಉದ್ದಕ್ಕೆ ಒಂದು ಗೆರೆ ಇರುತ್ತದೆ. ನೀರಿನ ಸಣ್ಣ ಅಲುಗಾಟವೂ ಅದಕ್ಕೆ ಗೊತ್ತಾಗುವುದು ಆ ಗೆರೆಯಿಂದಲೇ. ಅಂಥ ಮೈ ಇರುವ ಜೀವಕ್ಕೆ ಬೆಳಿಗ್ಗೆಯಿಂದ ಸಂಜೆವರೆಗೆ ಈ ಬಡಿತ. ಒಂದು ಬೋರ್ಡೂ ಇರಲಿಲ್ಲ.

ಸುರಂಗ ಅಕ್ವೇರಿಯಂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟಿಕೆಟ್ 150, ಜೋರು ಹಾಡು, ಬಣ್ಣದ ಲೈಟು, ಸೆಲ್ಫಿಗೆ ನೂಕುನುಗ್ಗಲು. ನೋಡಲು ಮತ್ಸ್ಯಾಲಯಕ್ಕಿಂತ ಚೆಂದವೇ. ತಲೆಯ ಮೇಲೆ ಮೀನು ಹಾದುಹೋದಾಗ ಮಗಳು ಕುಣಿದಳು. ಆದರೆ ಇಂಥವು ಒಂದು ಊರಿನಲ್ಲಿ ಕೆಲವು ವಾರ ಇದ್ದು ಮುಂದಿನ ಊರಿಗೆ ಹೋಗುತ್ತವೆ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಅದು ಮೀನಿಗೇ ವಿಷ. ಅದನ್ನು ಅಷ್ಟು ವಿಷವಲ್ಲದ್ದಾಗಿ ಬದಲಿಸುವ ಬ್ಯಾಕ್ಟೀರಿಯಾ ಹೊಸ ಫಿಲ್ಟರಿನಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಂದರೆ ಹೊಸದಾಗಿ ಕಟ್ಟಿದ ತೊಟ್ಟಿ ಮೀನಿಗೆ ಹೊಂದುವ ಹೊತ್ತಿಗೆ ಗಂಟುಮೂಟೆ ಕಟ್ಟುವ ಸಮಯ ಬಂದಿರುತ್ತದೆ. ನೀರು ಎಷ್ಟು ತಿಳಿಯಾಗಿದ್ದರೂ ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ, ಅಲ್ವಾ? ಹೊರಬರುವ ದಾರಿಯಲ್ಲಿ ಅಂಗೈಯಗಲದ ಗಾಜಿನ ಬುಡ್ಡಿಗಳಲ್ಲಿ ಮೀನು ಮಾರುತ್ತಿದ್ದರು. ಇಂಥ ಬುಡ್ಡಿಗಳಿಗೆ ತಡೆ ಹಾಕುವ ನಿಯಮವನ್ನು ಕೇಂದ್ರ ಸರ್ಕಾರ 2017ರಲ್ಲಿ ತಂದಿತ್ತು. ಆಮೇಲೆ ಅದನ್ನು ವಾಪಸ್ ತೆಗೆದುಕೊಂಡಿತು. 2013ರಲ್ಲಿ ಡಾಲ್ಫಿನ್ ಪ್ರದರ್ಶನ ನಮ್ಮ ದೇಶದಲ್ಲಿ ಬೇಡ ಎಂದು ಗಟ್ಟಿಯಾಗಿ ಹೇಳಿದ್ದೂ ಇದೇ ದೇಶ. ಡಾಲ್ಫಿನ್‌ಗೆ ಸಿಕ್ಕ ಆ ಮರುಕ ಮೀನಿಗೆ ಇನ್ನೂ ಸಿಕ್ಕಿಲ್ಲ.

ಇನ್ನು ಶಿಶಿಲ. ಬೆಳ್ತಂಗಡಿ ತಾಲ್ಲೂಕು, ಧರ್ಮಸ್ಥಳದ ಕಡೆಯಿಂದ ಕೊಕ್ಕಡ ದಾಟಿ ಹೋಗಬೇಕು. ಶಿಶಿಲೇಶ್ವರ ದೇವಸ್ಥಾನದ ಪಕ್ಕದಲ್ಲೇ ಕಪಿಲಾ ನದಿ. ಇದು ನಂಜನಗೂಡಿನ ಕಪಿಲೆ ಅಲ್ಲ, ಘಟ್ಟದಿಂದ ಇಳಿದು ನೇತ್ರಾವತಿಯ ಕಡೆಗೆ ಹರಿಯುವ ಬೇರೆ ಹೊಳೆ. ನಾವು ಹೋದದ್ದು ಡಿಸೆಂಬರಿನಲ್ಲಿ, ಬೆಳಿಗ್ಗೆ ಎಂಟಕ್ಕೆ. ಮೆಟ್ಟಿಲು ಇಳಿದು ನಿಂತೆವು. ಮೊದಲು ಬರೀ ಕಲ್ಲು ಕಂಡವು. ಆಮೇಲೆ ಕಲ್ಲುಗಳು ಅಲುಗಾಡಿದವು! ನೂರಾರು ಮಹಶೀರ್ ಮೀನುಗಳು, ತುಳುವಿನ ಪೆರುವೋಳ್. ನೀರಿನ ಸೆಳೆತಕ್ಕೆ ಎದುರಾಗಿ ಮುಖ ಮಾಡಿ, ನಿಂತಲ್ಲೇ ಈಜುತ್ತಾ ಇದ್ದವು.

ನನಗೆ ಆ ಕ್ಷಣ ಕ್ಯಾಟ್‌ಫಿಶ್ಶಿನ ಮೂತಿ ನೆನಪಾಯಿತು. ಇಲ್ಲಿನ ಮೀನು ನಮಗೆ ಬೇಡವೆನಿಸಿದರೆ ಆಳಕ್ಕೆ ಹೋಗುತ್ತದೆ. ಬೇಕೆನಿಸಿದರೆ ಬರುತ್ತದೆ. ಮರದಿಂದ ಬಿದ್ದ ಹಣ್ಣು, ಹುಳ, ಬಸವನಹುಳು ಎಲ್ಲ ತಿನ್ನುತ್ತದೆ. ಮಳೆಗಾಲದಲ್ಲಿ ಮೊಟ್ಟೆಯಿಡಲು ಹೊಳೆಯ ಮೇಲಕ್ಕೆ ಹೋಗುತ್ತದೆ. ಮಗಳು 'ಇದರ ಮನೆ ಎಲ್ಲಿ?' ಎಂದು ಕೇಳಿದಾಗ ಹೊಳೆಯ ಎರಡೂ ದಿಕ್ಕಿಗೆ ಕೈ ತೋರಿಸಿದೆ.

ಇಲ್ಲೂ ಬೇಸರದ ಸಂಗತಿ ಇದೆ. ಭಕ್ತರು ಅಕ್ಕಿ, ಪುರಿ ಹಾಕುತ್ತಾರೆ. ಅದು ನಡೆದುಬಂದ ಪದ್ಧತಿ. ಆದರೆ ನಾವಿದ್ದಾಗ ಕೆಲವರು ಬಿಸ್ಕತ್ತು, ಚಿಪ್ಸ್ ಎಸೆದರು, ಪ್ಲಾಸ್ಟಿಕ್ ಕವರನ್ನೂ ಅಲ್ಲೇ ಬಿಟ್ಟರು. ದೇವರ ಮೀನು ಎಂದು ಯಾರೂ ಹಿಡಿಯುವುದಿಲ್ಲ, ಆದರೂ 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಸತ್ತ ಮೀನುಗಳ ನೆನಪಿಗೆ ಊರಿನವರು ಸ್ಮಾರಕ ಕಟ್ಟಿದ್ದಾರೆ. ಇವತ್ತು ಕಾಣುವ ಮೀನುಗಳು ಅದಾದ ಮೇಲೆ ಮತ್ತೆ ತುಂಬಿಕೊಂಡವು.

ಸೋಮೇಶ್ವರಕ್ಕೆ ಹೋಗಬೇಕೆಂದರೆ ಲೆಕ್ಕ ಬೇರೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಕಡಲ ನೀರಿನ ಇಳಿತ ಹೆಚ್ಚು. ಆಗ ಬಂಡೆಗಳ ನಡುವೆ ಹೊಂಡಗಳು ಉಳಿಯುತ್ತವೆ. ಒಂದು ಹೊಂಡದ ಮುಂದೆ ಮುಕ್ಕಾಲು ಗಂಟೆ ಕುಕ್ಕರುಗಾಲಿನಲ್ಲಿ ಕುಳಿತೆವು. ಶಂಖದ ಚಿಪ್ಪು ಹೊತ್ತ ಸನ್ಯಾಸಿ ಏಡಿ, ಕಲ್ಲಿಗಂಟಿದ ಬಸವನಹುಳುಗಳು, ಬೆರಳುದ್ದದ ಮೀನು. ಕೈ ಹಾಕಬಾರದು, ಚಿಪ್ಪು ಹೆಕ್ಕಬಾರದು. ಆ ಚಿಪ್ಪು ಮುಂದೆ ಯಾವುದೋ ಏಡಿಗೆ ಬೇಕಾಗುತ್ತದೆ. ಬಂಡೆ ಜಾರುತ್ತದೆ, ಅಲ್ಲಿನ ಕಡಲು ಅಪಾಯದ್ದು. ಮಳೆಗಾಲದಲ್ಲಿ ಬೇಡವೇ ಬೇಡ. ಚಿಕ್ಕ ಮಕ್ಕಳಿದ್ದರೆ ಕೈ ಬಿಡಬೇಡಿ.

ಹಾಗಂತ ಮತ್ಸ್ಯಾಲಯಗಳನ್ನೆಲ್ಲ ಮುಚ್ಚಿ ಎನ್ನಲು ನನಗೆ ಮನಸ್ಸಿಲ್ಲ. ನಮ್ಮ ಅಮ್ಮನಿಗೆ ಮಂಡಿನೋವು, ಶಿಶಿಲದ ಮೆಟ್ಟಿಲು ಇಳಿಯಲಾಗಲಿಲ್ಲ. ಮೇಲೆ ನಿಂತೇ ನೋಡಿದರು. ಮೀನಿನ ಕಣ್ಣು, ಕಿವಿರು, ಹುರುಪೆ ಹತ್ತಿರದಿಂದ ಕಾಣುವುದು ಗಾಜಿನ ಆಚೆಯೇ, ನದಿಯಲ್ಲಿ ಕಾಣುವುದು ಬೆನ್ನು ಮಾತ್ರ. ಹತ್ತು ಜಾತಿಯನ್ನು ಇಕ್ಕಟ್ಟಿನಲ್ಲಿ ಇಡುವ ಬದಲು ನಮ್ಮ ಹೊಳೆಯ ಮೂರು ಜಾತಿಯನ್ನು ದೊಡ್ಡ ತೊಟ್ಟಿಯಲ್ಲಿ ಚೆನ್ನಾಗಿ ಸಾಕಿದರೆ ನಾನು ಪ್ರತಿ ತಿಂಗಳು ಟಿಕೆಟ್ ತೆಗೆದುಕೊಳ್ಳುತ್ತೇನೆ. ಈಗ ಇರುವ ಸ್ಥಿತಿಯಲ್ಲಿ ನಮ್ಮ ಮನೆಯವರ ಆಯ್ಕೆ ಶಿಶಿಲ. ಹತ್ತಿರದವರಿಗೆ ಸೋಮೇಶ್ವರ. ಸುರಂಗಕ್ಕೆ ಇನ್ನೊಮ್ಮೆ ಹೋಗುವುದಿಲ್ಲ.

ಆ ಮತ್ಸ್ಯಾಲಯಕ್ಕೆ ಪತ್ರ ಬರೆದಿದ್ದೇನೆ. ಜನರೇಟರ್ ರಿಪೇರಿ, ಗಾಜು ಬಡಿಯಬೇಡಿ ಎಂಬ ಬೋರ್ಡು, ಕ್ಯಾಟ್‌ಫಿಶ್ಶಿಗೆ ದೊಡ್ಡ ತೊಟ್ಟಿ, ಇಷ್ಟೇ ಕೇಳಿದ್ದು. ಎರಡು ತಿಂಗಳಾಯಿತು, ಉತ್ತರ ಬಂದಿಲ್ಲ. ಮುಂದಿನ ವಾರ ಆ ಊರಿಗೆ ಹೋಗುವುದಿದೆ. ಒಳಗೆ ಹೋಗಿ ಆ ಎಡಗಡೆಯ ತೊಟ್ಟಿಯನ್ನು ನೋಡಿ, ಪತ್ರದ ಇನ್ನೊಂದು ಪ್ರತಿಯನ್ನು ಕೈಯಲ್ಲೇ ಕೊಟ್ಟು ಬರುತ್ತೇನೆ.